'ವಾಕ್' ಪದದ ಬೆನ್ನು ಹತ್ತಿದ ಚಿಕ್ಕಪ್ಪ

ನಡಿಗೆಯ ಬಗ್ಗೆ ಅರ್ಧ ದಿನ ಮಾತಾಡಬಲ್ಲ, ಆದರೆ ಮನೆಯಿಂದ ಗೇಟಿನ ತನಕ ನಡೆಯಲಾರದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಪುವಿನಲ್ಲಿರುವ ನನ್ನ ಚಿಕ್ಕಪ್ಪ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಎದುರಿನ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲೂ ಸ್ಕೂಟರ್ ಹತ್ತುವ ಈ ಮಹಾನುಭಾವರಿಗೆ 'ವಾಕ್' ಎಂಬ ಪದದ ಮೂಲ ಹುಡುಕುವ ಹುಚ್ಚು!

ಬೆಳಿಗ್ಗೆ ಸ್ಕೂಟರಿನಲ್ಲಿ ಬೀಚಿಗೆ ಹೋಗಿ, ವಾಕಿಂಗ್ ಬಂದವರನ್ನು ತಡೆದು ನಿಲ್ಲಿಸುವುದು ಅವರ ನಿತ್ಯನೇಮ.

"ನೀವು ಈಗ ಮಾಡ್ತಾ ಇರುವುದು ಎಂತ, ಗೊತ್ತುಂಟಾ?"

"ವಾಕಿಂಗ್ ಅಲ್ವಾ ಸರ್?"

"ಅಲ್ಲ ಮಾರಾಯ್ರೇ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಹೊರಳುವುದು ಅಂತ ಅರ್ಥ. ಈ ಕಡಲು ಹೊರಳ್ತದಲ್ಲ, ಹಾಗೆ."

ಪಾಪ, ಬಿಪಿ ಇಳಿಸಲು ಬಂದವರು ಬಿಪಿ ಏರಿಸಿಕೊಂಡು ಹೋಗುತ್ತಿದ್ದರು. ಕೊನೆಗೆ ನಾಲ್ಕು ಜನ ಸೇರಿ ರಿಕ್ಷಾ ಮಾಡಿಕೊಂಡು ಮಟ್ಟು ಬೀಚಿಗೆ ವಾಕಿಂಗ್ ಹೋಗತೊಡಗಿದರು.

ಕಳೆದ ವರ್ಷ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಣಿಪಾಲದಲ್ಲಿ ಆಪರೇಷನ್ ಆಯಿತು. ಡಾಕ್ಟರು ಹೇಳಿದ್ದು ಒಂದೇ ಮಾತು: ಈಗ ನಡೆಯದಿದ್ದರೆ ಮುಂದೆ ಹಾಸಿಗೆಯೇ ಗತಿ. ಚಿಕ್ಕಮ್ಮನಿಗೋ, ಮತ್ತೆ ಬೀಳುವ ಹೆದರಿಕೆ. ಕಾಲು ನೆಲಕ್ಕೆ ಊರಲೇ ಇಲ್ಲ. ನಡೆಯಲೆಂದು ತಂದ ವಾಕರ್ ಮೇಲೆ ಟವೆಲ್ ಒಣಗುತ್ತಿತ್ತು.

"ಸ್ವಲ್ಪ ವಾಕ್ ಮಾಡು ಮಾರಾಯ್ತಿ," ಚಿಕ್ಕಪ್ಪ ಅಂಗಲಾಚಿದರು.

"ಹೊರಳುವುದು ಅಂತ ನೀವೇ ಹೇಳಿದ್ದಲ್ವಾ? ಬೆಳಿಗ್ಗೆಯಿಂದ ಅದನ್ನೇ ಮಾಡ್ತಾ ಇದ್ದೇನೆ."

ಇಂಗ್ಲಿಷ್ ಮೇಷ್ಟ್ರು ಸುಸ್ತು! ಆದರೆ ಬಿಡುವ ಜಾತಿಯೇ? ರಾತ್ರಿಯೆಲ್ಲ ಡಿಕ್ಷನರಿ ಕೆದಕಿ, ಬೆಳಿಗ್ಗೆ ಅಂಗಳದಲ್ಲಿ ಒಂದು ಕುರ್ಚಿ ಹಾಕಿದರು. ಅದರ ಮುಂದೆ ಸೋಪುನೀರಿನ ಟಬ್, ಟಬ್ಬಿನಲ್ಲಿ ತಮ್ಮದೇ ಬಿಳಿ ಪಂಚೆ. ನಾನೂ ಅವರೂ ಹಿಡಿದುಕೊಂಡು ಚಿಕ್ಕಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆವು.

"ಹಿಂದೆ ಇಂಗ್ಲೆಂಡಿನಲ್ಲಿ ಒದ್ದೆ ಬಟ್ಟೆಯನ್ನು ಕಾಲಲ್ಲಿ ತುಳಿಯುವವರಿಗೆ ವಾಕರ್ ಅಂತ ಹೇಳ್ತಿದ್ದರು. ನೀನೂ ತುಳಿ. ನನ್ನ ಮೇಲೆ ಮೂವತ್ತೈದು ವರ್ಷದ ಸಿಟ್ಟು ಉಂಟಲ್ಲ, ಎಲ್ಲ ತೀರಿಸಿಕೋ."

ಆಪರೇಷನ್ ಆದ ಮೇಲೆ ಚಿಕ್ಕಮ್ಮ ನಕ್ಕದ್ದು ಅಂದೇ ಮೊದಲು. ಪಂಚೆ ತುಳಿದರು ನೋಡಿ! ಫಿಸಿಯೋಥೆರಪಿಯ ಹುಡುಗಿ ಬಂದವಳು ಬಾಯಿ ಬಿಟ್ಟುಕೊಂಡು ನಿಂತಳು. "ಕೂತೇ ಮಾಡ್ಲಿ ಸರ್, ಕಾಲಿಗೆ ಒಳ್ಳೆಯದು. ಟಬ್ಬಿನಲ್ಲಿ ಮಾತ್ರ ನಿಲ್ಲಿಸ್ಬೇಡಿ" ಎಂದಳು. ಇಪ್ಪತ್ತು ದಿನಗಳಲ್ಲಿ ಎರಡು ಪಂಚೆ ಹರಿದವು. ಚಿಕ್ಕಪ್ಪ ಸಂತೋಷದಿಂದ ಮೂರನೆಯದನ್ನು ನೆನೆಹಾಕಿದರು.

ಒಂದು ಬೆಳಿಗ್ಗೆ, ನಾನು ಅಲ್ಲೇ ಇದ್ದೆ, ಚಿಕ್ಕಮ್ಮ ಕಾಲು ಒರೆಸಿಕೊಂಡು ತಾವಾಗಿಯೇ ವಾಕರ್ ಹಿಡಿದು ಎದ್ದರು. ಬಟ್ಟೆ ಒಣಹಾಕುವ ಹಗ್ಗದ ತನಕ ಏಳು ಹೆಜ್ಜೆ. ಚಿಕ್ಕಪ್ಪ ಎರಡೂ ಕೈ ಚಾಚಿಕೊಂಡು, ಬರಿಗಾಲಲ್ಲಿ, ಅವರತ್ತ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಹೆಜ್ಜೆ ಹಾಕಿದರು. ಯಾವ ಪದದ ಮೂಲವೂ ಬಾಯಿಗೆ ಬರಲಿಲ್ಲ.

"ಬಂದೆನಲ್ಲ," ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಹಗ್ಗದಲ್ಲಿದ್ದ ಒದ್ದೆ ಪಂಚೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟರು. ಚಿಕ್ಕಮ್ಮ ವಾಕರಿನಿಂದ ಒಂದು ಕೈ ಬಿಟ್ಟು ಅವರ ಬೆನ್ನು ಸವರಿದರು.

"ಹೆದರಬೇಡಿ," ಅಂದರು. "ನಾನು ಬೀಳುವುದಿಲ್ಲ."