ಓಡದ ಎ.ಸಿ.ಗೆ ಒಂದು ಮುದ್ರೆ

ದರ್ಜಿಯಮ್ಮ: ಕರೆಂಟ್ ಉಳಿತಾಯ ಸೊನ್ನೆ ಅಂತ ಬರೆದ್ರೆ ಅರ್ಜಿ ತಗೊಳಲ್ಲ ಅಂದ್ರೆ ಹೇಗೆ ಸಾರ್? ಹೊರಗಡೆ ಬೋರ್ಡಲ್ಲಿ ನೀವೇ ‘ಶೂನ್ಯ ಇಂಗಾಲ ಕಟ್ಟಡ ವಿಭಾಗ’ ಅಂತ ಬರೆಸಿದ್ದೀರಲ್ಲ!

ಅರ್ಜಿಯನ್ನು ಅವಳು ಮೂರನೇ ಸಲ ಕೌಂಟರಿನೊಳಕ್ಕೆ ತಳ್ಳಿದಳು. ಮಗಳು ಕೂಸಿನ ಸಮೇತ ಬರುವವಳಿದ್ದಳು. ಅಷ್ಟರಲ್ಲಿ ಮಾಳಿಗೆಯ ಮೇಲೊಂದು ಕೋಣೆ ಏಳಬೇಕು. ಕೋಣೆಗೆ ಪರವಾನಗಿ ಬೇಕು, ಪರವಾನಗಿಗೆ ಈ ಗುಮಾಸ್ತನ ಮುದ್ರೆ ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಪೂಜಾರಿಯೋ ಸ್ವೆಟರಿನ ತೋಳಿನೊಳಗೆ ಬೆರಳು ಹುದುಗಿಸಿಕೊಂಡು ನಡುಗುತ್ತಿದ್ದ. ಅವನ ತಲೆಯ ಮೇಲೆ ಎ.ಸಿ. ಭೋರೆನ್ನುತ್ತಿತ್ತು.

ಗುಮಾಸ್ತ: ಅಮ್ಮಾ, ಕೋಣೆ ಕಟ್ಟಬೇಕಾದ್ರೆ ಮನೇಲಿ ಶೇಕಡಾ ನಲವತ್ತು ಕರೆಂಟ್ ಉಳಿಸಿದ್ದು ತೋರಿಸ್ಬೇಕು. ನೀವೆಷ್ಟು ಉಳಿಸಿದ್ರಿ?

ದರ್ಜಿಯಮ್ಮ: ಬಳಸಿದ್ರೆ ತಾನೇ ಉಳಿಸೋದು? ಮಣ್ಣಿನ ಗೋಡೆ, ಎದುರುಬದುರು ಕಿಟಕಿ. ಫ್ಯಾನೂ ಬೇಕಾಗಿಲ್ಲ. ಇರೋದೊಂದು ಬಲ್ಬು. ಹೊಲಿಗೆ ಮಿಷನ್ನೂ ಕಾಲಲ್ಲೇ ತುಳಿಯೋದು.

ಗುಮಾಸ್ತ: ಅದೇ ತಾಪತ್ರಯ ಆಗಿರೋದು. ಎ.ಸಿ. ಇಟ್ಕೊಂಡು ಆರಿಸಿದ್ರೆ ಅದು ಉಳಿತಾಯ. ಎ.ಸಿ.ನೇ ಇಲ್ದಿದ್ರೆ ಅದು ಬಡತನ. ಬಡತನದ ವಿಭಾಗ ಮೂರನೇ ಮಹಡೀಲಿದೆ.

ದರ್ಜಿಯಮ್ಮ: ಅಲ್ಲಾ, ಈ ಇಂಗಾಲ ಅನ್ನೋದು ಇರೋದಾದ್ರೂ ಎಲ್ಲಿ?

ಗುಮಾಸ್ತ: ಎಲ್ಲಾ ಕಡೆ. ನಾವು ಬಿಡೋ ಉಸಿರಲ್ಲೂ ಇರುತ್ತೆ.

ದರ್ಜಿಯಮ್ಮ: ನಿಮ್ಮ ತಲೆ ಮೇಲೆ ಅರಚ್ಕೊಳ್ತಿದೆಯಲ್ಲ, ಅದ್ರಲ್ಲಿ?

ಗುಮಾಸ್ತ: (ದನಿ ತಗ್ಗಿಸಿ) ಅದನ್ನ ಮಾತ್ರ ಕೇಳ್ಬೇಡಿ. ನಮ್ಗೂ ನಲವತ್ತು ಇಳಿಸಿ ಅಂತ ಆದೇಶ ಬಂದಿದೆ. ಸೋಮವಾರ ತಪಾಸಣೆ.

ದರ್ಜಿಯಮ್ಮ: ಆರಿಸಿ, ಕಿಟಕಿ ತೆಗೀರಿ.

ಗುಮಾಸ್ತ: ಇದು ಮಾದರಿ ಕಟ್ಟಡ ಅಮ್ಮಾ, ಪೂರ್ತಿ ಗಾಜು. ತೆಗೆಯೋ ಕಿಟಕಿ ಒಂದೂ ಇಟ್ಟಿಲ್ಲ. ಆರಿಸಿದ್ರೆ ಐದೇ ನಿಮಿಷಕ್ಕೆ ಯಾರಾದ್ರೂ ಹಾಕ್ತಾರೆ.

ದರ್ಜಿಯಮ್ಮ ಎ.ಸಿ.ಯನ್ನು ಅಳತೆ ತೆಗೆಯುವವಳ ಹಾಗೆ ನೋಡಿದಳು. ಒಬ್ಬರ ಅಂಗಿಯಲ್ಲಿ ಉಳಿದ ತುಂಡು ಇನ್ನೊಬ್ಬರ ಕಾಲರಿಗೆ ಹೊಂದಿಸುವುದೇ ಅವಳ ಕಸುಬು.

ದರ್ಜಿಯಮ್ಮ: ನಿಮ್ದು ಹೆಚ್ಚಾಗಿದೆ, ನಂದು ಸಾಲ್ತಿಲ್ಲ. ಅದನ್ನ ಬಿಚ್ಚಿ ನಮ್ಮನೆಗೆ ಕಳ್ಸಿ. ನಾನು ಆರಿಸಿಡ್ತೀನಿ.

ಗುಮಾಸ್ತ ನಕ್ಕ. ಆಮೇಲೆ ನಗು ನಿಲ್ಲಿಸಿ ನಿಯಮದ ಪುಸ್ತಕ ತೆಗೆದ. ಹಿಂದುಮುಂದು ತಿರುವಿದರೂ ಕೂಡದು ಅನ್ನುವ ಪುಟ ಸಿಗಲಿಲ್ಲ.

ನಾಲ್ಕನೇ ದಿನ ಅವನೇ ಅವಳ ಮನೆಗೆ ಪರಿಶೀಲನೆಗೆ ಬಂದ. ಸ್ವೆಟರ್ ಇರಲಿಲ್ಲ, ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕಚೇರಿಯಿಂದ ಬಂದ ಎ.ಸಿ. ಮೂಲೆಯಲ್ಲಿ ಕೂತಿತ್ತು, ಮೇಲೆ ಮಡಿಸಿಟ್ಟ ಲಂಗಗಳು.

ಗುಮಾಸ್ತ: ಓಡಿಸಿಲ್ಲ ತಾನೇ?

ದರ್ಜಿಯಮ್ಮ: ಪ್ಲಗ್ಗೇ ಹಾಕಿಲ್ಲ.

ಗುಮಾಸ್ತ: ಶೇಕಡಾ ನೂರು ಉಳಿತಾಯ! ಪ್ರಶಸ್ತಿಗೇ ಬರೀಬಹುದು!

ಮುದ್ರೆ ದಪ್ಪೆಂದು ಬಿತ್ತು. ದರ್ಜಿಯಮ್ಮನಿಗೆ ಕಣ್ಣು ತುಂಬಿ ಬಂತು, ಕೂಸಿಗೊಂದು ಸೂರಾಯಿತು. ಆದರೆ ಗುಮಾಸ್ತ ಏಳುವ ಲಕ್ಷಣ ಕಾಣಲಿಲ್ಲ. ಕಿಟಕಿಯ ಗಾಳಿಗೆ ಕತ್ತೊಡ್ಡಿ ಕೂತೇ ಇದ್ದ.

ಗುಮಾಸ್ತ: ಅಮ್ಮಾ, ಕಚೇರಿ ಈಗ ಕಾದ ಹೆಂಚಾಗಿದೆ. ನಾಳೆಯಿಂದ ಕಡತ ತಂದು ಇಲ್ಲೇ ಕೂತ್ಕೊಳ್ಲಾ?

ದರ್ಜಿಯಮ್ಮ: ಧಾರಾಳವಾಗಿ ಬನ್ನಿ ಸಾರ್. ಆದ್ರೆ ಉಸಿರಲ್ಲೂ ಇಂಗಾಲ ಇರುತ್ತೆ ಅಂತ ನೀವೇ ಹೇಳಿದ್ರಲ್ಲ. ಇಲ್ಲಿ ಕೂತಷ್ಟು ಹೊತ್ತು ಶೇಕಡಾ ನಲವತ್ತು ಕಮ್ಮಿ ಉಸಿರಾಡಿ.