ಗೂಡಿನ ಹಾರ ಮತ್ತು ಇನ್ವರ್ಟರ್

ಬಾಳಿನಲ್ಲಿ ಹಿಂದಿರುಗಿ ನೋಡದೆ ನೇರವಾಗಿ ಸಾಗುವವನೇ ದೊಡ್ಡವನೆಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಅಂಥ ನೇರ ನಡೆಯ ಕರೆಂಟಿನಿಂದ ರಾಮನಗರದಲ್ಲಿ ನನ್ನ ಭಾವಮೈದ ಚನ್ನಪ್ಪನ ಮೋಟಾರು ತಿರುಗುವುದಿಲ್ಲ. ಬ್ಯಾಟರಿಯ ಕರೆಂಟು ಒಂದೇ ದಿಕ್ಕಿಗೆ ಹೋಗುತ್ತದೆ. ಕಂಬದ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಓಡಾಡುತ್ತದೆ. ಅಡುಗೆಮನೆಯಿಂದ ಹೆಂಡತಿ, ಜಗಲಿಯಿಂದ ಅತ್ತೆ ಒಟ್ಟಿಗೆ ಕರೆದಾಗ ನಾನು ಓಡಾಡುವುದೂ ಹೀಗೆಯೇ. ಬ್ಯಾಟರಿಯ ಕರೆಂಟನ್ನು ಕಂಬದ ಕರೆಂಟಿನಂತೆ ಮಾಡುವ ಯಂತ್ರಕ್ಕೆ ಇನ್ವರ್ಟರ್ ಎಂದು ಹೆಸರು. ನನ್ನ ಮಟ್ಟಿಗೆ ಆ ಕೆಲಸವನ್ನು ಮದುವೆಯೇ ಮಾಡಿ ಮುಗಿಸಿತ್ತು.

ಚನ್ನಪ್ಪನದು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕಸುಬು. ಆ ವಾರ ಅವನು ಮಾರುಕಟ್ಟೆಯಿಂದ ಕೈಮೀರಿ ಗೂಡು ತಂದಿದ್ದ. ತಂದ ದಿನದಿಂದ ಕರೆಂಟು ನೆಂಟರ ಹಾಗೆ ಬಂದು ಮುಖ ತೋರಿಸಿ ಹೋಗುತ್ತಿತ್ತು. ಇನ್ನೆರಡು ದಿನ ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತುಮಾಡಿ ಬರುತ್ತದೆ, ಆಮೇಲೆ ಅದರಿಂದ ನೂಲಿಲ್ಲ. ಎಂದೋ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದ ನಾನು ಉಪಾಯ ಹೇಳಿದೆ. ಹಾರೋಹಳ್ಳಿಯಲ್ಲಿ ಆಗ ಹೊಸ ಕಾರ್ಖಾನೆಗಳು ಏಳುತ್ತಿದ್ದವು, ಹಳೆಯ ಸಾಮಾನು ಗುಜರಿಗೆ ಬೀಳುತ್ತಿತ್ತು. ಅಲ್ಲಿಂದ ಬೀರುವಿನಷ್ಟು ದೊಡ್ಡ ಇನ್ವರ್ಟರ್ ಬಂತು. ಜೊತೆಗೆ ಗೋಡೆಯುದ್ದಕ್ಕೂ ಬ್ಯಾಟರಿಯ ಸಾಲು.

"ಅದ್ಯಾಕ್ ಭಾವ ಇಷ್ಟೊಂದು? ನಮ್ ಟ್ರ್ಯಾಕ್ಟರ್‌ಗೆ ಒಂದೇ ಸಾಕಾಯ್ತದೆ" ಎಂದ ಚನ್ನಪ್ಪ.

"ಒಂದೊಂದೇ ಆದರೆ ಸಾಧು ಕಣಯ್ಯ. ಹೀಗೆ ಒಂದಕ್ಕೊಂದು ಕೈ ಹಿಡಿದು ನಿಂತರೆ ಈ ತುದಿಗೂ ಆ ತುದಿಗೂ ನಡುವೆ ಆಳಿನ ಜೀವ ಹೋಗುವಷ್ಟು ವೋಲ್ಟೇಜು."

"ನಮ್ ದಾಯಾದಿಗಳ್ ತರ ಅನ್ನಿ."

ಮೋಟಾರು ತಿರುಗಿತು. ನೂಲು ಓಡಿತು. ಅತ್ತೆ ಕಣ್ಣಿಗೆ ಸೆರಗು ಒತ್ತಿಕೊಂಡು, "ಪೂಜೆ ಮಾಡ್ದೆ ಇಂಗೆ ಸುರು ಮಾಡ್ಬುಟ್ರಲ್ಲ" ಎಂದು ಒಳಗೆ ಹೋದರು. ಬಂದಾಗ ಕೈಯಲ್ಲಿ ಹಾರ. ನಮ್ಮೂರಿನಲ್ಲಿ ದೊಡ್ಡವರಿಗೆ ಹಾಕುವುದು ರೇಷ್ಮೆ ಗೂಡಿನ ಹಾರ. ಇದನ್ನಂತೂ ಮಿರಿಮಿರಿ ಮಿಂಚುವ ಲೋಹದ ಜರಿ ಎಳೆಯಲ್ಲಿ ಪೋಣಿಸಿದ್ದರು. ಮಾರುಗಟ್ಟಲೆ ಉದ್ದವಿತ್ತು; ಯಾವುದೋ ಮಂತ್ರಿಗಳಿಗೆಂದು ಮಾಡಿಸಿದ್ದು, ಅವರು ಬಂದಿರಲಿಲ್ಲ.

ನಾನು ಚನ್ನಪ್ಪನಿಗೆ ವಿದ್ಯುತ್ತಿನ ದಿಕ್ಕನ್ನು ವಿವರಿಸುತ್ತಿದ್ದೆ. ಅತ್ತೆ ಬ್ಯಾಟರಿ ಸಾಲಿನ ಮೇಲೆ ಹಾರ ಹಿಡಿದು ಕೇಳಿದರು: "ಅಳಿಯಂದ್ರೆ, ಇಲ್ಲಿಗೆ ಆಕ್ಲಾ? ಒಸಿ ನೋಡಿ ಏಳಿ."

ಕಲಾದೃಷ್ಟಿ ನನಗೆ ಹುಟ್ಟಿನಿಂದ ಇದೆ. "ಒಂದೇ ಕಡೆ ಗುಡ್ಡೆ ಹಾಕಬೇಡಿ ಅತ್ತೆ. ಈ ತುದಿಯಿಂದ ಆ ತುದಿಗೆ ಸಮನಾಗಿ ಇಳಿಬಿಡಿ" ಎಂದೆ.

ನೀಲಿ ಬೆಳಕೊಂದು ಕಂಡಿತು. ಕಣ್ಣು ಬಿಟ್ಟಾಗ ಜರಿ ಇರಲಿಲ್ಲ, ಗೂಡುಗಳು ನೆಲದ ಮೇಲೆ ಉರುಳುತ್ತಿದ್ದವು, ಇನ್ವರ್ಟರಿನ ತಲೆಯಿಂದ ಸಾಂಬ್ರಾಣಿಯಂತೆ ಹೊಗೆ ಏಳುತ್ತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಅತ್ತೆ ಭಕ್ತಿಯಿಂದ ಕೈ ಮುಗಿದರು. ಚನ್ನಪ್ಪ ಮಾತ್ರ ಉರುಳಿದ ಗೂಡುಗಳನ್ನು ಒಂದೊಂದಾಗಿ ಆಯ್ದು ಬುಟ್ಟಿಗೆ ಹಾಕಿದ.

"ಭಾವ, ಮೂಲೇಲಿ ತಾತನ ಕಾಲದ ಕೈರಾಟೆ ಐತೆ. ಬನ್ನಿ, ಕುಂತ್ಕಳಿ."

ಕುಳಿತೆ. ಎರಡು ದಿನ ನಾನು ತಿರುಗಿಸಿದೆ, ಅವನು ಎಳೆ ನೋಡಿಕೊಂಡ. ಚಿಟ್ಟೆ ಹೊರಬರುವ ಮುಂಚೆ ಗೂಡೆಲ್ಲ ನೂಲಾಯಿತು. ಇನ್ವರ್ಟರಿನ ಮೇಲೆ ಈಗ ಅತ್ತೆ ಕುಡಿಯುವ ನೀರಿನ ಕೊಡ ಇಡುತ್ತಾರೆ.