ಹೆಸರಿಲ್ಲದ ಎರಡು ಬಟನ್

ಕುರುಡರಿಗೆ ತಾಳ್ಮೆ ಹೆಚ್ಚು ಎಂಬುದು ಕಣ್ಣಿದ್ದವರು ತಮ್ಮ ಅನುಕೂಲಕ್ಕೆ ಹಬ್ಬಿಸಿದ ಸುದ್ದಿ. ನಾನು ಹುಟ್ಟು ಕುರುಡ, ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಪರದೆಯ ಮೇಲೆ ಬರೆದದ್ದನ್ನು ಫೋನು ನನಗೆ ಓದಿ ಹೇಳುತ್ತದೆ. ಹಾಗಾಗಿ ಯಾರ ಹಂಗೂ ಇಲ್ಲದೆ ಬದುಕಿದ್ದೆ, ನೋಯ್ಡಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯವರು ಗೇಟಿಗೊಂದು ವೆಬ್‌ಸೈಟು ಮಾಡಿಸುವವರೆಗೆ.

ಗೇಟಿಗೆ ಯಾರಾದರೂ ಬಂದರೆ ಫೋನಿನಲ್ಲಿ ಎರಡು ಬಟನ್ ಮೂಡುತ್ತವೆ. ಹಸಿರು ಒತ್ತಿದರೆ ಒಳಗೆ, ಕೆಂಪು ಒತ್ತಿದರೆ ವಾಪಸು. ಅದನ್ನು ಮಾಡಿದ ಪುಣ್ಯಾತ್ಮ ಬಣ್ಣ ಬಳಿದನೇ ಹೊರತು ಹೆಸರು ಬರೆಯಲಿಲ್ಲ. ನನ್ನ ಫೋನು “ಬಟನ್, ಬಟನ್” ಎಂದು ಹೇಳಿ ಸುಮ್ಮನಾಗುತ್ತದೆ. “ಇಲ್ಲಿ ಕೊಡಿ, ನಾನು ಒತ್ತುತ್ತೀನಿ” ಎಂದಳು ಹೆಂಡತಿ ಶಾರದೆ. ನನ್ನ ಮನೆಗೆ ಯಾರು ಬರಬೇಕೆಂದು ಹೇಳಲು ನನಗೆ ಬಾರದೇ? ಹಟ ಹಿಡಿದು ಒಂದನ್ನು ಒತ್ತಿದೆ. ಫರೀದಾಬಾದಿನಿಂದ ಮೆಟ್ರೊ ಬದಲಿಸಿ ಬದಲಿಸಿ, ಹೋಳಿಗೆ ಡಬ್ಬಿ ಹಿಡಿದು ಬಂದಿದ್ದ ಶಾರದೆಯ ತಾಯಿಗೆ ಗಾರ್ಡ್ ಭಯ್ಯಾ, “ಮಾತಾಜಿ, ಸಾಬ್ ನೇ ಮನಾ ಕರ್ ದಿಯಾ”, ಸಾಹೇಬರು ಬೇಡ ಅಂದುಬಿಟ್ಟರು, ಎಂದನಂತೆ. ಸ್ವಾಭಿಮಾನಿ ಹೆಂಗಸು, ಒಂದು ಫೋನೂ ಮಾಡದೆ ಡಬ್ಬಿ ಸಮೇತ ಹಿಂದಿರುಗಿದರು. ಮನೆಯಲ್ಲಿ ಮೂರು ದಿನ ನನ್ನೊಡನೆ ಮಾತಾಡಿದ್ದು ಫೋನು ಮಾತ್ರ.

ಸೊಸೈಟಿಯ ಕಾರ್ಯದರ್ಶಿಯನ್ನು ಹಿಡಿದು ಕೇಳಿದೆ. “ಅರೇ ಭಾಯಿಸಾಬ್, ಮನೇಲಿ ಮೇಡಂ ಇದ್ದಾರಲ್ಲ, ಅವರೇ ಒತ್ತಲಿ” ಎಂದ. “ಅಚ್ಛಾ, ಹಾಗಿದ್ರೆ ನಿಮ್ಮ ಮನೆ ಚಿಲಕಾನೂ ನಿಮ್ಮ ಕೈಗೆ ಎಟುಕದ ಹಾಗೆ ಇಡೋಣ, ನಿಮ್ಮ ಮೇಡಂ ತೆಗೀಲಿ” ಎಂದು ಹೇಳಿ ಬಂದೆ.

ಅಷ್ಟಕ್ಕೇ ತಣ್ಣಗಾಗುವ ಆಸಾಮಿ ನಾನಲ್ಲ. ಸೊಸೈಟಿಯವರ ವಾಟ್ಸಾಪ್ ಗುಂಪಿಗೆ ಒಂದರ ಹಿಂದೊಂದು ಏಳು ಧ್ವನಿ ಸಂದೇಶ ಕಳಿಸಿದೆ. ಎಲ್ಲರ ಕೈಗೂ ಸಿಗದ ಬಾಗಿಲು ಬಾಗಿಲೇ ಅಲ್ಲ, ಬಟನ್ನಿಗೆ ಹೆಸರು ಬರೆಯುವವರೆಗೆ ಬಿಡುವುದಿಲ್ಲ ಎಂದು ಗುಡುಗಿದೆ. ಸಂಜೆ ಮೇಲಿನ ಮನೆಯ ನಿವೃತ್ತ ಸುಬೇದಾರರು, ಕೊಡಗಿನವರು, ಎರಡು ಸಾಲು ಬರೆದರು. ಫೋನು ಓದಿತು: “ನನ್ನ ಕಿವಿ ಫಿರಂಗಿ ಸದ್ದಿಗೆ ಹೋಗಿದ್ದು ನಿಮಗೆ ಗೊತ್ತಲ್ಲ. ಜಗಳ ಯಾರ ಮೇಲೆ ಅಂತ ಬರೆದು ತಿಳಿಸಿದ್ರೆ ನಾನೂ ಬರ್ತೀನಿ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ತಡಮಾಡದೆ ಮೆಟ್ಟಿಲು ಹತ್ತಿ, ಅವರ ಬಾಗಿಲಲ್ಲಿ ನಿಂತು, “ತಪ್ಪಾಯ್ತು ಸುಬೇದಾರರೇ, ನಾನೂ ಆ ವೆಬ್‌ಸೈಟಿನವನ ಥರಾನೇ ಮಾಡಿಬಿಟ್ಟೆ” ಎಂದು ಮನಸ್ಸು ತುಂಬಿ, ಸಾಕಷ್ಟು ಉದ್ದವಾಗಿಯೇ ಕ್ಷಮೆ ಕೇಳಿದೆ.

ಅವರು ಎಲ್ಲ ಮುಗಿಯುವವರೆಗೆ ಕಾದು, ನನ್ನ ಕೈಗೆ ಪೆನ್ನು ಹಾಳೆ ಕೊಟ್ಟು, “ಬರೀರಿ” ಎಂದರು.